ಬ್ಯಾಂಡ್ ಮೇಷ್ಟ್ರ ಸೇವೆಗೆ ದಾಖಲೆ ಬೇಕು

ಮಾನ್ಯ ಸಂಪಾದಕರೇ,

ಆಗಸ್ಟ್ 15 ಮತ್ತು ಜನವರಿ 26ರಂದು ದಾವಣಗೆರೆಯ ಜಿಲ್ಲಾ ಕ್ರೀಡಾಂಗಣದಲ್ಲಿ ನಡೆಯುವ ಪಥಸಂಚಲನವನ್ನು ಪತ್ರಿಕೆಗಳು ಪ್ರತಿವರ್ಷ ಚಿತ್ರಸಹಿತ ವರದಿ ಮಾಡುತ್ತವೆ. ಆ ಚಿತ್ರಗಳಲ್ಲಿ ಶಾಲಾ ಬ್ಯಾಂಡಿನ ಮಕ್ಕಳು ಕಾಣುತ್ತಾರೆ. ಅವರನ್ನು ಅಲ್ಲಿಯವರೆಗೆ ಕರೆತಂದವರು ಮಾತ್ರ ಹಗ್ಗದ ಆಚೆ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಯಾವ ಮಗು ಎಲ್ಲಿ ತಪ್ಪೀತೋ ಎಂಬ ಆತಂಕದಲ್ಲಿ ನಿಂತಿರುತ್ತಾರೆ. ಇದೇ ಊರಿನ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ನಾನು ಹಗ್ಗದ ಆಚೆ ನಿಂತ ಅವರಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕೆಲವು ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಆಟೋಟ, ಕವಾಯತುಗಳ ಜೊತೆಗೆ ಬ್ಯಾಂಡಿನ ಹೊಣೆಯನ್ನೂ ಹೊರುತ್ತಾರೆ. ಅವರಿಗೂ ತಮ್ಮದೇ ಆದ ಹಳೆಯ ಬೇಡಿಕೆಗಳಿವೆ, ಆದರೆ ಹುದ್ದೆಯೂ ಸೇವಾ ಪುಸ್ತಕವೂ ಇವೆ. ಉಳಿದ ಶಾಲೆಗಳು ಹೊರಗಿನವರನ್ನು ಕರೆಸಿಕೊಳ್ಳುತ್ತವೆ. ಪೊಲೀಸ್ ಅಥವಾ ಸೇನೆಯ ಬ್ಯಾಂಡಿನಿಂದ ನಿವೃತ್ತರಾದವರು, ಮದುವೆ ಮೆರವಣಿಗೆಗಳಲ್ಲಿ ನುಡಿಸುವ ಬ್ಯಾಂಡ್‌ಸೆಟ್ಟಿನವರು, ಕೆಲವೊಮ್ಮೆ ಅದೇ ಶಾಲೆಯಲ್ಲಿ ಹಿಂದೆ ಡ್ರಮ್ ಬಾರಿಸಿದ ಹಳೆಯ ವಿದ್ಯಾರ್ಥಿಗಳು ಹೀಗೆ ಬರುತ್ತಾರೆ. ಮಕ್ಕಳ ಬಾಯಲ್ಲಿ ಅವರು ‘ಬ್ಯಾಂಡ್ ಸರ್’. ಶಾಲೆಯ ಕಾಗದಪತ್ರಗಳಲ್ಲಿ ಅವರು ಯಾರೂ ಅಲ್ಲ.

ಈ ಕೆಲಸದ ಕಷ್ಟ ನನಗೂ ಎಷ್ಟೋ ವರ್ಷ ಗೊತ್ತಿರಲಿಲ್ಲ. ನಮ್ಮ ಪ್ರೌಢಶಾಲೆಯಲ್ಲಿದ್ದುದು ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳು ಮಾತ್ರ. ಹತ್ತನೆಯವರನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾರಣ ಹೇಳಿ ನಾವೇ ಬ್ಯಾಂಡಿನಿಂದ ಬಿಡಿಸುತ್ತಿದ್ದೆವು. ಹೀಗಾಗಿ ಒಂದು ಮಗು ಮೇಷ್ಟ್ರ ಕೈಗೆ ಸಿಗುತ್ತಿದ್ದುದು ಎರಡೇ ವರ್ಷ. ಪ್ರತಿ ಜೂನ್‌ನಲ್ಲಿ ಪಳಗಿದ ಅರ್ಧ ತಂಡವನ್ನು ಕಳೆದುಕೊಂಡು, ಕಡ್ಡಿ ಹಿಡಿಯಲೂ ಬಾರದ ಹೊಸಬರನ್ನು ಸೇರಿಸಿಕೊಂಡು, ಹತ್ತು ಹನ್ನೊಂದು ವಾರಗಳಲ್ಲಿ ಅವರು ಸ್ವಾತಂತ್ರ್ಯೋತ್ಸವಕ್ಕೆ ಅಣಿಯಾಗಬೇಕಾಗಿತ್ತು. ಬ್ಯೂಗಲ್ ಎಂಬ ಪುಟ್ಟ ಕಹಳೆಯಲ್ಲಿ ಒತ್ತುವ ಗುಂಡಿಗಳಿಲ್ಲ, ಬೆರಳಿಡುವ ತೂತುಗಳಿಲ್ಲ. ತುಟಿಯ ಬಿಗಿಯಿಂದ ಮತ್ತು ಉಸಿರಿನಿಂದಲೇ ಸ್ವರ ಬದಲಾಗಬೇಕು. ಹದಿಮೂರು ವರ್ಷದ ಹುಡುಗಿ ಒಂದು ಸ್ವರವನ್ನು ನಡುಗದಂತೆ ಹಿಡಿಯುವುದಕ್ಕೇ ವಾರಗಟ್ಟಲೆ ತುಟಿ ನೋಯಿಸಿಕೊಳ್ಳುತ್ತಾಳೆ. ಬಳಕೆಗೆ ಬರುವ ನಾಲ್ಕೈದು ಸ್ವರಗಳಲ್ಲಿ ರಾಷ್ಟ್ರಗೀತೆ ನುಡಿಸಲು ಬರುವುದಿಲ್ಲ. ಆದ್ದರಿಂದ ಡ್ರಮ್ ಮತ್ತು ಬ್ಯೂಗಲ್ ಮಾತ್ರ ಇರುವ ಶಾಲೆಯಲ್ಲಿ ಧ್ವಜ ಏರಿದ ಮೇಲೆ ಬ್ಯಾಂಡ್ ಸುಮ್ಮನಾಗಿ ಮಕ್ಕಳೇ ಹಾಡುತ್ತಾರೆ. ಆ 52 ಸೆಕೆಂಡು ವಾದ್ಯ ಹಿಡಿದು ಅಲುಗದೆ ನಿಲ್ಲುವುದನ್ನೂ ಮೇಷ್ಟ್ರೇ ಕಲಿಸಿರುತ್ತಾರೆ.

ಕವಾಯತಿನ ಬಿರುಸು ನಡಿಗೆಗೆ ನಿಮಿಷಕ್ಕೆ 120 ಹೆಜ್ಜೆಯ ಲೆಕ್ಕವಿದೆ. ಅದನ್ನು ಕಾಯುವುದು ಬೇಸ್ ಡ್ರಮ್, ಅಂದರೆ ತಂಡದ ದೊಡ್ಡ ಡ್ರಮ್. ತುಂಬಿದ ಮೈದಾನ ಕಂಡು ಅದನ್ನು ಬಾರಿಸುವ ಹುಡುಗ ಸ್ವಲ್ಪ ಅವಸರಪಟ್ಟರೂ ಹಿಂದಿನ ಗಿಡ್ಡ ಮಕ್ಕಳು ಓಡತೊಡಗಿ ಸಾಲು ಒಡೆಯುತ್ತದೆ. ನಮ್ಮ ಮೇಷ್ಟ್ರು ಆ ಡ್ರಮ್ಮಿಗೆ ತರಗತಿಯಲ್ಲೇ ಅತ್ಯಂತ ನಿಧಾನಸ್ಥ ಹುಡುಗನನ್ನು ಆರಿಸುತ್ತಿದ್ದರು. ಗಣಿತದಲ್ಲಿ ಮಂದನೆಂದು ನಾವು ಬೈದ ಹುಡುಗರು ಅವರ ಕೈಯಲ್ಲಿ ಇಡೀ ಶಾಲೆಯ ನಡಿಗೆಯನ್ನು ಹೊತ್ತುಕೊಂಡರು. ಶಿಕ್ಷಕ ವೃತ್ತಿಯಲ್ಲಿ ನಾನು ಕಂಡ ಅತ್ಯುತ್ತಮ ಪಾಠಗಳಲ್ಲಿ ಅದೂ ಒಂದೆಂದು ಹೇಳಲು ನನಗೆ ಸಂಕೋಚವಿಲ್ಲ.

ಅವರು ನಮ್ಮಲ್ಲಿ 19 ವರ್ಷ ಕಲಿಸಿದರು. ಜೂನ್‌ನಿಂದ ಜನವರಿಯವರೆಗೆ ಅಲ್ಪ ಗೌರವಧನ, ಆಮೇಲಿನ ನಾಲ್ಕು ತಿಂಗಳು ಏನೂ ಇಲ್ಲ. ಬ್ಯಾಂಡ್ ಶಿಕ್ಷಕರಿಗೆಂದು ಲೆಕ್ಕಪತ್ರದಲ್ಲಿ ಬಾಬ್ತೇ ಇಲ್ಲದ ಕಾರಣ ಅವರ ಹಣವನ್ನು ಸುಣ್ಣಬಣ್ಣ, ಬಲ್ಬು, ಪೊರಕೆಗಳ ಸಾಲಿನಲ್ಲಿ ‘ಇತರೆ ವೆಚ್ಚ’ ಎಂದು ಬರೆಯುತ್ತಿದ್ದೆವು. ಆ ವೋಚರುಗಳಿಗೆ ಸಹಿ ಹಾಕಿದವಳು ನಾನೇ. ಮದುವೆಗಳಲ್ಲಿ ಟ್ರಂಪೆಟ್ ಊದಿ ಅವರು ಸಂಸಾರ ತೂಗಿಸುತ್ತಿದ್ದರು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಮೆರವಣಿಗೆಗಳೂ ನಿಂತು, ಎರಡೂ ಕಡೆಯ ಆದಾಯ ಒಟ್ಟಿಗೇ ಹೋಯಿತು. ಶಾಲೆ ತೆರೆದ ಮೇಲೂ, ಒಬ್ಬರು ಬಾಯಿಟ್ಟ ವಾದ್ಯವನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆಂಬ ಭಯದಿಂದ ಬ್ಯಾಂಡ್ ಕೋಣೆಯ ಬೀಗವನ್ನು ನಾವು ಬಹಳ ದಿನ ತೆಗೆಯಲಿಲ್ಲ.

ಆಗ ಅವರಿಗೆ ಬೇರೊಂದು ಊರಿನ ಶಾಲೆಯಲ್ಲಿ ಕೆಲಸ ಸಿಗುವಂತಿತ್ತು. ನನ್ನ ಕೋಣೆಗೆ ಬಂದು, “ಮೇಡಂ, ಹತ್ತೊಂಬತ್ತು ವರ್ಷ ಇಲ್ಲಿ ಕಲಿಸೀನಿ ಅಂತ ಒಂದು ಹಾಳಿ ಮೇಲೆ ಬರ್ದುಕೊಡ್ರಿ, ಅಷ್ಟು ಸಾಕು” ಎಂದರು. ಅನುಭವ ಪತ್ರ ಕೊಟ್ಟರೆ ನೌಕರನೆಂದು ಒಪ್ಪಿದಂತಾಗುತ್ತದೆ, ನಾಳೆ ನ್ಯಾಯಾಲಯಕ್ಕೆ ಹೋದಾರು ಎಂದು ಆಡಳಿತ ಮಂಡಳಿ ಬೇಡವೆಂದಿತು. ನನ್ನ ನಿವೃತ್ತಿಗೆ ಎರಡು ವರ್ಷವಿತ್ತು. ನಾನು ಹೆದರಿದೆ, ಬರೆದುಕೊಡಲಿಲ್ಲ. ಆ ಕೆಲಸ ಅವರ ಕೈತಪ್ಪಿತು. ಈ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಅನುಭವ ಪತ್ರವಿಲ್ಲದಿದ್ದರೆ ಅವರ ಬಳಿ ಬೇರೆ ಪುರಾವೆಯೂ ಇಲ್ಲ. ಗಾಯನ, ವೀಣೆ, ಮೃದಂಗ ಕಲಿತವರಿಗೆ ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಬ್ಯೂಗಲ್ ಮತ್ತು ಸೈಡ್ ಡ್ರಮ್ ಕಲಿಸುವವರಿಗೆ ಅಂಥ ದಾರಿಯಿಲ್ಲ. ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆ ಇರಬಾರದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಕೇಂದ್ರ ಸರ್ಕಾರ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆಯನ್ನೂ ನಡೆಸುತ್ತಿದೆ. ಬಾಲಕರಿಗೆ ಮತ್ತು ಬಾಲಕಿಯರಿಗೆ ಪ್ರತ್ಯೇಕವಾಗಿ ಬ್ರಾಸ್ (ಹಿತ್ತಾಳೆ ವಾದ್ಯಗಳ) ಮತ್ತು ಪೈಪ್ (ಬ್ಯಾಗ್‌ಪೈಪ್) ಬ್ಯಾಂಡ್ ವಿಭಾಗಗಳಿವೆ. ಜಗಳೂರಿನ ಅಥವಾ ಹೊನ್ನಾಳಿಯ ಶಾಲೆಯ ಮಕ್ಕಳು ಅಲ್ಲಿಗೆ ಹೋಗಬೇಕಾದರೆ ಮೊದಲು ಅವರ ಮೇಷ್ಟ್ರು ಒಂದೇ ಶಾಲೆಯಲ್ಲಿ ನಾಲ್ಕು ವರ್ಷ ನೆಮ್ಮದಿಯಿಂದ ನಿಲ್ಲುವಂತಾಗಬೇಕಲ್ಲವೇ? ಇನ್ನೊಂದು ಸಂಗತಿ ಅವರ ಕಿವಿಯದು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದೆಂದೂ, ಸದ್ದು ಮೂರು ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆಂದೂ ತಜ್ಞರು ಹೇಳುತ್ತಾರೆ. ತಗಡಿನ ಸೂರಿನ ಕೆಳಗೆ ಹತ್ತಾರು ಡ್ರಮ್ಮುಗಳ ನಡುವೆ ವರ್ಷಗಟ್ಟಲೆ ನಿಂತ ನಮ್ಮ ಮೇಷ್ಟ್ರಿಗೆ ಕೊನೆಕೊನೆಗೆ ನಾನು ಎರಡೆರಡು ಸಲ ಕೂಗಿ ಹೇಳಬೇಕಾಗುತ್ತಿತ್ತು.

ದೊಡ್ಡ ಮೊತ್ತದ ಯೋಜನೆಯನ್ನು ನಾನು ಕೇಳುತ್ತಿಲ್ಲ. ಬ್ಯಾಂಡ್ ಕಲಿಸುವವರ ಹೆಸರು, ಸೇರಿದ ದಿನಾಂಕ ಮತ್ತು ಗೌರವಧನ ಪ್ರತಿ ಶಾಲೆಯ ದಾಖಲೆಯಲ್ಲಿ ಇರಬೇಕೆಂದೂ, ಕೇಳಿದಾಗ ಅನುಭವ ಪತ್ರ ಕೊಡಬೇಕೆಂದೂ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಮೊದಲ ಹೆಜ್ಜೆಯಾಗುತ್ತದೆ. ಗೌರವಧನವನ್ನು ಹನ್ನೆರಡು ತಿಂಗಳಿಗೂ ಹಂಚುವುದು, ಬೇಸಿಗೆ ರಜೆಯಲ್ಲಿ ಪೊಲೀಸ್ ಬ್ಯಾಂಡಿನವರಿಂದ ಇವರಿಗೆ ತರಬೇತಿ ಕೊಡಿಸಿ ಪ್ರಮಾಣಪತ್ರ ನೀಡುವುದು ಜಿಲ್ಲಾಡಳಿತ ಮನಸ್ಸು ಮಾಡಿದರೆ ಆಗುವ ಕೆಲಸಗಳೇ. ಸ್ವಾತಂತ್ರ್ಯೋತ್ಸವದ ಪೂರ್ವಭಾವಿ ಸಭೆಯಲ್ಲಿ ಪೆಂಡಾಲ್, ಸಿಹಿ, ಕುಡಿಯುವ ನೀರಿನ ಜೊತೆಗೆ ಈ ವಿಷಯವನ್ನೂ ಚರ್ಚೆಗೆ ತೆಗೆದುಕೊಳ್ಳಬೇಕೆಂದು, ಆ ಸಭೆಗೆ ಕೆಲವು ಬ್ಯಾಂಡ್ ಮೇಷ್ಟ್ರುಗಳನ್ನೂ ಕರೆಯಬೇಕೆಂದು ಜಿಲ್ಲಾಧಿಕಾರಿಗಳನ್ನು ಮತ್ತು ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಮುಖ್ಯೋಪಾಧ್ಯಾಯಿನಿ, ದಾವಣಗೆರೆ