ಒಗರು ಬಿಡದ ಮರ ಮತ್ತು ನಿನ್ನ ಲೆಕ್ಕ

ಸೋಮವಾರಪೇಟೆ

ಚಿ. ಕಿರಣನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಫಿ ತೋಟದ ಮೂಲೆಯಲ್ಲಿ ಪರ್ಸಿಮನ್ ಹಣ್ಣಿನ ಮರ ಬೆಳೆಸಿ, ಒಗರಿಲ್ಲದ ಹೊಸ ತಳಿ ತೆಗೆಯುತ್ತೇನೆಂದು ಬರೆದಿದ್ದೀಯೆ. ನಿಮ್ಮಪ್ಪ ತಲೆ ಚಚ್ಚಿಕೊಳ್ಳುತ್ತಿದ್ದಾನೆ. ನಾನು ಬೇಡ ಎನ್ನುವುದಿಲ್ಲ. ಆದರೆ ಭರ್ತಿ ಕಾಯಿ ಬಿಡುವ ಒಗರು ಮರವನ್ನು ಒಗರಿಲ್ಲದ ಜಪಾನಿನ ಸಿಹಿ ತಳಿ ಫುಯುವಿನೊಂದಿಗೆ ಸಂಕರ ಮಾಡುವ ನಿನ್ನ ಲೆಕ್ಕ ತಪ್ಪು.

ಈ ಮರದಲ್ಲಿ ವರ್ಣತಂತುಗಳು ಎರಡು ಪ್ರತಿಯಲ್ಲ, ಆರು ಪ್ರತಿ ಇರುತ್ತವೆ. ಆರರಲ್ಲಿ ಒಂದರಲ್ಲಿ ಒಗರಿನ ಜೀನ್ ಉಳಿದರೂ ಸಾಕು, ಕಚ್ಚಿದವನ ಬಾಯೆಲ್ಲ ಬಿಗಿದುಕೊಳ್ಳುತ್ತದೆ. ನಿನ್ನ ಸಸಿಗಳೆಲ್ಲ ಹೆಚ್ಚುಕಡಿಮೆ ಒಗರೇ ಆಗುತ್ತವೆ. ಅದೂ ವರ್ಷಗಟ್ಟಲೆ ಗೊಬ್ಬರ ಹಾಕಿದ ಮೇಲೆ ಗೊತ್ತಾಗುತ್ತದೆ. ಜಪಾನಿನವರು 1938ರಲ್ಲಿ ಈ ಕೆಲಸ ಹಿಡಿದು ಕೊನೆಗೆ ಸಿಹಿಗೆ ಸಿಹಿಯನ್ನೇ ಕೂಡಿಸಿದರು. ಫುಯು ತಾಯಿಯಾಗಿ ಹುಟ್ಟಿದ ಇಜು ಎಂಬ ಸಿಹಿ ತಳಿ ಹೊರಬಂದದ್ದು 1970ರಲ್ಲಿ. ಆದರೆ ಸಿಹಿ ತಳಿಗಳೇ ಕಡಿಮೆ. ಸಂಬಂಧದೊಳಗೇ ಕೊಟ್ಟು ತಂದ ಮನೆತನದಂತೆ ಪೀಳಿಗೆ ಕಳೆದ ಹಾಗೆ ಮರ ಸೊರಗಿತು, ಹಣ್ಣು ಕಿರಿದಾಯಿತು. ಚೀನಾದ ಲುವೊಟಿಯಾನ್ ಸಿಹಿ ತಳಿಯಲ್ಲಿ ಸಿಹಿಯ ಗುಣವೇ ಪ್ರಬಲ, ಒಗರು ಮರದೊಂದಿಗೆ ಕೂಡಿಸಿದರೂ ಒಂದಷ್ಟು ಸಿಹಿ ಸಸಿ ಸಿಗುತ್ತವೆ. ಅದರ ಕಸಿ ಕಡ್ಡಿ ಬೇಕಿದ್ದರೆ ಕ್ವಾರಂಟೈನ್ ಅನುಮತಿ ಪಡೆದೇ ತರಿಸು. ಯಾರದೋ ಬ್ಯಾಗಿನಲ್ಲಿ ತರಿಸುವ ಉಪಾಯ ನನಗೆ ಕೇಳಿಸದಿರಲಿ.

ಹೂವಿನ ಕೆಲಸ ಕಷ್ಟವಲ್ಲ. ಫುಯು ಬಿಡುವುದು ಹೆಣ್ಣು ಹೂ, ಕೇಸರ ಕೀಳುವ ತಾಪತ್ರಯವಿಲ್ಲ. ಅಗಲವಾದ ಹಸಿರು ಪುಷ್ಪಪಾತ್ರೆಯ ನಡುವಿನ ಮೊಗ್ಗಿಗೆ ಅರಳುವ ಮುನ್ನ ಚೀಲ ಕಟ್ಟಿದರಾಯಿತು. ಗಂಡು ಹೂ ಪುಟ್ಟದು, ಸಾಮಾನ್ಯವಾಗಿ ಮೂರರ ಗೊಂಚಲು. ಪರಾಗ ಕೊಡುವ ಸಿಹಿ ಮರ ಸಿಗುವುದೇ ಕಷ್ಟ.

ನನಗಿರುವ ನಿಜವಾದ ಚಿಂತೆ ಹವಾಮಾನದ್ದು. ಫುಯುವೇ ಆದರೂ ಕಾಯಿ ಬಲಿಯುವಾಗ ಶಾಖ ಸಾಲದಿದ್ದರೆ ಹಣ್ಣು ಮರದಲ್ಲಿರುವಾಗ ಅದರ ಒಗರು ಪೂರ್ತಿ ಇಳಿಯುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಜಡಿಮಳೆ, ಮಂಜು. ಆದ್ದರಿಂದ ಮೊದಲು ಫುಯು ಮತ್ತು ಇನ್ನೊಂದು ಸಿಹಿ ತಳಿ ಜಿರೊದ ಕಸಿ ಗಿಡಗಳನ್ನು ತೋಟದಲ್ಲಿ ಕೆಲವು, ಕುಶಾಲನಗರದ ಕಡೆಯ ಬಿಸಿಲು ಜಾಗದಲ್ಲಿ ಕೆಲವು ನೆಡು. ಹಣ್ಣು ಬಂದಾಗ ಅಡ್ಡ ಕೊಯ್ದು ಫೆರಿಕ್ ಕ್ಲೋರೈಡ್ ಅದ್ದಿದ ಕಾಗದಕ್ಕೆ ಒತ್ತು. ಒಗರು ಉಳಿದಿದ್ದರೆ ಕಪ್ಪು ಅಚ್ಚು ಬೀಳುತ್ತದೆ. ಎರಡು ಕಡೆಯ ಕಾಗದ ಪಕ್ಕಪಕ್ಕ ಇಟ್ಟು ನೋಡುವ ತನಕ ಸಂಕರದ ಮಾತು ಬೇಡ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೂ ಹೋಗಿ ವಿಚಾರಿಸು.

ಮೂಲೆಯ ಸಿಲ್ವರ್ ಓಕ್ ಕಪಾತು ಮಾಡಿಸದೆ ಅಲ್ಲಿ ಬಿಸಿಲು ಬೀಳುವುದಿಲ್ಲ. ನಿಮ್ಮಪ್ಪನನ್ನು ನಾನೇ ಒಪ್ಪಿಸುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ