ಮಗಳಿಗೊಂದು ಪತ್ರ: ಅರ್ಧಕ್ಕೆ ನಿಂತ ಕುಲಾವಿ

ದಾವಣಗೆರೆ

ಚಿ. ಸೌ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ಆದ ಮಾತನ್ನು ಮತ್ತೆ ಕೆದಕುವುದಿಲ್ಲ. ನೀನು ಕೇಳಿದ್ದು ಹುಟ್ಟಲಿರುವ ಕೂಸಿಗೆ ಒಂದು ಕುಲಾವಿಯನ್ನು ಮಾತ್ರ. ಅದಕ್ಕೆ ನಾನು ಸಿಡುಕಿದ್ದು ತಪ್ಪು.

ಈ ಪಾರ್ಸೆಲ್ಲಿನಲ್ಲಿ ನಿನಗೂ ಅಳಿಯಂದಿರಿಗೂ ಒಂದೊಂದು ಟೋಪಿ, ಒಂದೊಂದು ಜೊತೆ ಕೈಗವಸು ಇವೆ. ಎಲ್ಲವೂ ಟ್ರಂಕಿನಲ್ಲಿ ಉಳಿದಿದ್ದ ಉಲ್ಲನ್ನಿನವಾದ್ದರಿಂದ ಬಣ್ಣ ಹೊಂದಿಲ್ಲವೆಂದು ನಗಬೇಡ. ಕಡುನೀಲಿ ನಿನ್ನ ಶಾಲೆಯ ಸ್ವೆಟರಿನದು. ತೆಳುವಾದ ಎಳೆಗಳನ್ನು ಎರಡೆರಡು ಜೋಡಿಸಿ ಕ್ರೋಶಾ ಹಾಕಿದ್ದೇನೆ. ಗಂಟು ಅಂಗೈಗೆ ಒತ್ತದಿರಲೆಂದು ಮಣಿಕಟ್ಟಿನ ಬಳಿಯೇ ಬಣ್ಣ ಬದಲಾಯಿಸಿದ್ದೇನೆ. ಬೂದು ಬಣ್ಣದ್ದು ಅಸಲಿ ಉಣ್ಣೆ, ಬಿಸಿನೀರಿಗೆ ಹಾಕಿದರೆ ಕುಗ್ಗಿ ಗಟ್ಟಿಯಾದೀತು. ಅಪ್ಪ ಗಿರಣಿಯಿಂದ ತಂದಿಟ್ಟ ಹತ್ತಿ ನೂಲು ಬೇಕಾದಷ್ಟಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ಊರಿನವಳಾದ ನನಗೆ ಹತ್ತಿಯ ಮೇಲೆ ಅಭಿಮಾನವಿದ್ದರೂ, ಅದು ಒದ್ದೆಯಾದರೆ ಮೈಯನ್ನೇ ತಣ್ಣಗೆ ಮಾಡುತ್ತದೆ. ಜನವರಿಯ ರಾತ್ರಿ ಮೈನಸ್ 20 ಡಿಗ್ರಿಗೆ ಇಳಿಯುವ ನಿಮ್ಮ ಕೆನಡಾದ ವಿನ್ನಿಪೆಗ್‌ಗೆ ಆಗದು. ಚಳ್ಳಕೆರೆ ಕಂಬಳಿಯ ಉಣ್ಣೆ ಬೆಚ್ಚಗಿರುತ್ತದೆ, ಆದರೆ ಹಣೆಗೆ ಚುಚ್ಚುತ್ತದೆ.

ಕುಲಾವಿಯ ಮಾತಿಗೆ ಬರುತ್ತೇನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಜನ ಅವಸರಗಾರರನ್ನು ಆಡಿಕೊಳ್ಳುತ್ತಾರೆ. 1994ರಲ್ಲಿ ಆ ಅವಸರ ನನ್ನದಾಗಿತ್ತು. ಏಳನೆಯ ತಿಂಗಳಲ್ಲೇ ಹಳದಿ ಕುಲಾವಿಯೊಂದನ್ನು ತುಂಬುತಿಂಗಳ ಕೂಸಿನ 35 ಸೆಂಟಿಮೀಟರ್ ತಲೆಗೆಂದು ಹೆಣೆದಿಟ್ಟೆ. ನೀನು ಎಂಟಕ್ಕೇ ಹುಟ್ಟಿದೆ, ತಲೆ ದೊಡ್ಡ ಮೂಸಂಬಿಯಷ್ಟಿತ್ತು. ಇಷ್ಟನ್ನು ನಗುತ್ತ ಎಷ್ಟೋ ಸಲ ಹೇಳಿದ್ದೇನೆ. ಹೇಳದೆ ಉಳಿದದ್ದೇನೆಂದರೆ, ಮನೆಗೆ ಕರೆತಂದ ಮೂರನೆಯ ರಾತ್ರಿ ನನಗೆ ಜೋಂಪು ಹತ್ತಿ, ಎಚ್ಚರವಾದಾಗ ಆ ಕುಲಾವಿ ಜಾರಿ ನಿನ್ನ ಮೂಗಿನ ಕೆಳಗೆ ಬಂದಿತ್ತು. ಬಾಯಿಗೆ ತಾಗಿದ ಅಂಚು ತೇವವಾಗಿತ್ತು. ನೀನು ಅಳುತ್ತಿರಲಿಲ್ಲ. ಕಿತ್ತೆಸೆದ ಮೇಲೂ ತುಸು ಹೊತ್ತು ಅಳಲಿಲ್ಲ. ಎಷ್ಟು ಹೊತ್ತು ಹಾಗಿತ್ತೆಂಬ ಲೆಕ್ಕ ನನಗೆ ಇಂದಿಗೂ ಸಿಕ್ಕಿಲ್ಲ. ಒಮ್ಮೊಮ್ಮೆ ಎರಡು ನಿಮಿಷವಿದ್ದೀತು ಎನ್ನಿಸುತ್ತದೆ, ಒಮ್ಮೊಮ್ಮೆ ಗಂಟೆಯೇ ಆಗಿತ್ತೇನೋ ಎನ್ನಿಸುತ್ತದೆ. ನಿನ್ನ ಹಣೆಯ ಮೇಲೆ ಹೆಣಿಗೆಯ ಅಚ್ಚು ಸಾಲುಸಾಲಾಗಿ ಬಿದ್ದಿತ್ತು. ಬೆಳಗಾದರೆ ಅಜ್ಜಿಗೆ ಕಂಡೀತೆಂದು ಅದನ್ನು ಬೆರಳಿನಿಂದ ನೀವುತ್ತ ಕುಳಿತಿದ್ದೆ. ನಿಮ್ಮಪ್ಪನಿಗೂ ಹೇಳಲಿಲ್ಲ. ಆಮೇಲೆ ಓಣಿಯ ಕೂಸುಗಳಿಗೆಲ್ಲ ಕುಲಾವಿ ಹಾಕಿಕೊಟ್ಟಿದ್ದೇನೆ, ಒಂದನ್ನೂ ಹುಟ್ಟುವ ಮೊದಲು ಹಾಕಿಲ್ಲ.

ಉಪದೇಶ ಮಾಡಬಾರದೆಂದುಕೊಂಡೇ ಕುಳಿತೆ, ಆದರೂ ಕೇಳು. ಮನೆಯೊಳಗೆ ಮಲಗಿಸುವಾಗ ಕೂಸಿಗೆ ಟೋಪಿ ಬೇಡ. ತಲೆಯಿಂದಲೂ ಶಾಖ ಹೊರಹೋಗಬೇಕು, ಮುಚ್ಚಿದರೆ ಮೈ ಕಾಯುತ್ತದೆ. ಗಲ್ಲದ ಕೆಳಗೆ ದಾರ ಕಟ್ಟಬೇಡ. ಯಾರೇ ಕೈಗವಸು ಕೊಟ್ಟರೂ ಒಳಮಗ್ಗುಲು ತಿರುವಿ ನೋಡು. ಸಡಿಲ ಎಳೆಯೊಂದು ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತುಬಿಡುತ್ತದೆ. ನಿನಗೆ ತಿಳಿಯದೆಂದಲ್ಲ. ಆ ಹಿಮದೂರಿಗೆ ಒಬ್ಬಳೇ ಹೋಗಿ ನೆಲೆ ನಿಂತವಳು ನನ್ನ ಮಗಳೆಂದು ಮಂಡಿಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇನೆ. ನಿನಗೆ ಮಾತ್ರ ಹೇಳಿಲ್ಲ.

ಹೋದ ರಾತ್ರಿ ಕಡ್ಡಿ ಹಿಡಿದೆ. ಹಳದಿಯನ್ನು ಮುಟ್ಟಲಿಲ್ಲ, ನಿನ್ನ ಕೈಗವಸಿನಲ್ಲಿ ಮಿಕ್ಕ ಗುಲಾಬಿ ಉಂಡೆಯಲ್ಲಿ ಮೊದಲ ಸುತ್ತಿಗೆ 12 ಕಂಬದ ಹೆಣಿಗೆ, ಆಮೇಲೆ 24, 36 ಎಂದು ನೆತ್ತಿಯಷ್ಟನ್ನು ಮುಗಿಸಿದ್ದೇನೆ. ಇನ್ನೂ ಅಗಲಿಸಬೇಕೋ ಇಲ್ಲಿಂದಲೇ ನೇರ ಇಳಿಸಬೇಕೋ ಎಂಬುದನ್ನು ಕೂಸಿನ ತಲೆ ಹೇಳಬೇಕು. ದಾರ ಕತ್ತರಿಸದೆ, ಕುಣಿಕೆ ಬಿಚ್ಚದಂತೆ ಪಿನ್ನು ಹಾಕಿ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಪಾರ್ಸೆಲ್ಲಿನಲ್ಲಿ ಅಳತೆಯ ಟೇಪು ಇದೆ. ಹುಬ್ಬಿನ ಮೇಲಿಂದ, ಕಿವಿಗಳ ಮೇಲಿಂದ ಸುತ್ತಿಸಿ ಅಳೆದು ಎಷ್ಟೆಂದು ತಿಳಿಸು. ಇಲ್ಲಿ ಎಷ್ಟು ರಾತ್ರಿಯಾಗಿದ್ದರೂ ಫೋನ್ ಎತ್ತುತ್ತೇನೆ.

ಇಂತಿ,
ಅಮ್ಮ