ಪರ್ವತ ಎಲ್ಲಿ ಅಂತ ಕೇಳಿದೆಯಲ್ಲ

ಪ್ರೀತಿಯ ಮಗಳೇ,

ಲಡಾಖಿಗೆ ಹೋಗಿ ಬರೀ ಬೋರ್ಡುಗಳ ಫೋಟೋ ಕಳಿಸಿದ್ದೀಯಲ್ಲಮ್ಮ, ಪರ್ವತ ಎಲ್ಲಿ ಅಂತ ನೀನು ನನ್ನನ್ನು ಕೇಳಿದೆ. ಪರ್ವತದ ಫೋಟೋ ಯಾರ ಮೊಬೈಲಿನಲ್ಲೂ ಸಿಗುತ್ತದೆ ಮಾರಾಯ್ತಿ. ಬೋರ್ಡುಗಳ ಕಥೆ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಈ ಪತ್ರ.

ಉಡುಪಿಯಿಂದ ಅಂಕೋಲಾವರೆಗೆ ಹೆದ್ದಾರಿ 66ರಲ್ಲಿ ಇರುವುದೆಲ್ಲ ನೀನು ನೋಡಿದ್ದೇ. ‘ಅಪಘಾತ ವಲಯ’, ‘ನಿಧಾನವಾಗಿ ಚಲಿಸಿ’, ನಡುವೆ ‘ಇಂದು ರಾತ್ರಿ ಯಕ್ಷಗಾನ ಬಯಲಾಟ’. ಆ ‘ಇಂದು’ ಯಾವತ್ತೋ ಮುಗಿದಿತ್ತು, ಬ್ಯಾನರ್ ಮಳೆಗೆ ಅರ್ಧ ಹರಿದು ನೇತಾಡುತ್ತಿತ್ತು. ಅರೆಬೈಲು ಘಾಟಿ ಹತ್ತಿ, ಹುಬ್ಬಳ್ಳಿ ದಾಟಿ ಮಹಾರಾಷ್ಟ್ರಕ್ಕೆ ಹೋದ ಮೇಲೆ ಲಾರಿಗಳ ಹಿಂದೆಲ್ಲ ‘ಹಾರ್ನ್ ಓಕೆ ಪ್ಲೀಸ್’. ಓದಿದವರು ಸುಮ್ನೆ ಹಾರ್ನ್ ಹೊಡೆಯುತ್ತಾರೆ, ಹಾಗೆ ಬರೆಯಬೇಡಿ ಅಂತ ಅಲ್ಲಿನ ಸರ್ಕಾರ 2015ರಲ್ಲೇ ಹೇಳಿದೆ. ಲಾರಿಯವರು ಕೇಳಬೇಕಲ್ಲ! ನಿನ್ನಪ್ಪ ಅಂತೂ ಓದಿದ ಕೂಡಲೇ ಹೊಡೆದರು.

ನಿಜವಾದ ಮಜಾ ಶುರುವಾದದ್ದು ಮನಾಲಿ ಆದ ಮೇಲೆ. ಅಟಲ್ ಸುರಂಗದಿಂದ ಹೊರಗೆ ಬಂದು ಸ್ವಲ್ಪ ಮುಂದೆ ಹೋದರೆ ತಾಂಡಿ. ಅಲ್ಲಿನ ಪೆಟ್ರೋಲ್ ಬಂಕ್ ಹತ್ತಿರ ಒಂದು ಬೋರ್ಡ್: ‘ಮುಂದಿನ ಬಂಕ್ 365 ಕಿ.ಮೀ.’ ಹೆಚ್ಚು ಕಡಿಮೆ ಮಂಗಳೂರಿನಿಂದ ಬೆಂಗಳೂರಿಗೆ ಹೋದಷ್ಟು. ಇದು ತಮಾಷೆಗೆ ಹಾಕಿದ್ದಲ್ಲ. ಆದರೂ ಕಾರಿನಲ್ಲಿ ಎಲ್ಲರೂ ಯಾಕೋ ನಕ್ಕೆವು, ಆಮೇಲೆ ಕ್ಯಾನಿಗೂ ತುಂಬಿಸಿಕೊಂಡೆವು.

ಅಲ್ಲಿಂದ ಮೇಲೆ ಬೋರ್ಡ್ ಹಾಕುವವರು ಗಡಿ ರಸ್ತೆ ಸಂಸ್ಥೆಯವರು. ಬಿಆರ್‌ಓ ಅಂತಾರಲ್ಲ, 1960ರಲ್ಲಿ ಶುರುವಾದದ್ದು. ಮರ ಇಲ್ಲ, ಊರಿಲ್ಲ, ಉಸಿರೂ ಸರಿಯಾಗಿ ಸಿಗುವುದಿಲ್ಲ, ಅಂಥ ಕಡೆ ಹಳದಿ ಕಲ್ಲಿನ ಮೇಲೆ ‘ಆಫ್ಟರ್ ವಿಸ್ಕಿ, ಡ್ರೈವಿಂಗ್ ರಿಸ್ಕಿ’. ಇನ್ನೊಂದು ತಿರುವಿನಲ್ಲಿ ‘ಮದುವೆಯಾಗಿದ್ದರೆ ವೇಗಕ್ಕೆ ಡೈವೋರ್ಸ್ ಕೊಡಿ’. ‘ಡಾರ್ಲಿಂಗ್, ನೀನಂದ್ರೆ ಇಷ್ಟ, ಆದರೆ ಇಷ್ಟು ಸ್ಪೀಡ್ ಬೇಡ’ ಅಂತ ಮತ್ತೊಂದು. ತಿರುವುಗಳ ಬಗ್ಗೆಯೇ ಒಂದುಂಟು, ಅದನ್ನು ಅಮ್ಮನಾಗಿ ನಾನು ಬರೆಯುವುದಿಲ್ಲ. ಪ್ರಾಸ ಎಲ್ಲ ಎಲ್‌ಕೆಜಿ ಮಟ್ಟದ್ದು. ಆದರೆ ನಮ್ಮ ‘ಅಪಘಾತ ವಲಯ’ವನ್ನು ಯಾರು ಓದುತ್ತಾರೆ ಹೇಳು? ಇವನ್ನು ಓದಬೇಕು ಅಂತಲೇ ನಿನ್ನಪ್ಪ ಪ್ರತಿ ತಿರುವಿನಲ್ಲೂ ನಿಧಾನ ಮಾಡುತ್ತಿದ್ದರು.

ಒಂದು ಬೋರ್ಡಿಗೆ ಮಾತ್ರ ನನಗೆ ಸಿಟ್ಟೂ ಬಂತು, ನಗುವೂ ಬಂತು. ‘ಡೋಂಟ್ ಗಾಸಿಪ್, ಲೆಟ್ ಹಿಮ್ ಡ್ರೈವ್’. ಹರಟೆ ಹೊಡೆಯಬೇಡಮ್ಮ, ಅವನು ಓಡಿಸಲಿ ಅಂತ! ಆಗ ಸ್ಟೀರಿಂಗ್ ಹಿಡಿದಿದ್ದವಳು ನಾನು. ಪಕ್ಕದಲ್ಲಿ ಕೂತ ನಿನ್ನಪ್ಪ ಕಟಪಾಡಿಯ ಯಾವುದೋ ಜಾಗದ ತಕರಾರನ್ನು ಅಜ್ಜನ ಕಾಲದಿಂದ ವಿವರಿಸುತ್ತಿದ್ದರು. ಬೋರ್ಡ್ ನೋಡಿ ಬಾಯಿ ಮುಚ್ಚಿದರು. ಎರಡು ತಿರುವು ಆದ ಮೇಲೆ, ‘ಅದರಲ್ಲಿ ಹಿಮ್ ಅಂತ ಉಂಟು, ನಿನಗೆ ಅನ್ವಯ ಆಗುವುದಿಲ್ಲ’ ಅಂತ ಹೇಳಿ ತಕರಾರು ಮುಂದುವರಿಸಿದರು.

ಲೇಹ್‌ನಿಂದ ಪಶ್ಚಿಮಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ ಮ್ಯಾಗ್ನೆಟಿಕ್ ಹಿಲ್ ಅಂತ ಉಂಟು. ರಸ್ತೆ ಮೇಲೆ ಚೌಕ ಎಳೆದಿದ್ದಾರೆ. ಅದರೊಳಗೆ ಕಾರು ನಿಲ್ಲಿಸಿ ನ್ಯೂಟ್ರಲ್‌ಗೆ ಹಾಕಿ, ಗುರುತ್ವಾಕರ್ಷಣೆಗೇ ಸವಾಲು ಹಾಕುವ ವಿಸ್ಮಯ ನೋಡಿ ಅಂತ ದೊಡ್ಡ ಬೋರ್ಡು. ಹಾಕಿದೆ. ಬ್ರೇಕಿನಿಂದ ಕಾಲು ತೆಗೆದೆ. ಕಾರು ಏರಿನ ಕಡೆಗೆ ತಾನಾಗಿ ಮೆಲ್ಲಗೆ ಹೊರಟಿತು! ನಿನ್ನಪ್ಪ ಕೈ ಮುಗಿಯುವುದೊಂದು ಬಾಕಿ. ಅಯಸ್ಕಾಂತ ಗಿಯಸ್ಕಾಂತ ಏನೂ ಇಲ್ಲ ಬಿಡು. ಸುತ್ತಲಿನ ಗುಡ್ಡಗಳು ದಿಗಂತವನ್ನು ಮುಚ್ಚಿವೆ, ಅದರಿಂದ ಇಳಿಜಾರೇ ಏರಿನಂತೆ ಕಾಣುತ್ತದೆ. ಗೊತ್ತಿದ್ದರೂ ಕಣ್ಣು ಒಪ್ಪುವುದಿಲ್ಲ. ನಾವು ಮತ್ತೊಮ್ಮೆ ಹಿಂದೆ ಬಂದು ಚೌಕದಲ್ಲಿ ನಿಲ್ಲಿಸಿದೆವು.

ಖಾರ್ದುಂಗ್ ಲಾ ಅನ್ನುವ ಘಾಟಿಯ ಕಥೆ ಇನ್ನೂ ಚೆನ್ನಾಗಿದೆ. ಜಗತ್ತಿನ ಅತಿ ಎತ್ತರದ ರಸ್ತೆ, 18,380 ಅಡಿ ಅಂತ ವರ್ಷಗಟ್ಟಲೆ ಬೋರ್ಡಿನಲ್ಲೂ ಟೀ ಶರ್ಟಿನಲ್ಲೂ ಬರೆದರು. ಜಿಪಿಎಸ್‌ನಲ್ಲಿ ಅಳೆದರೆ 17,582 ಅಡಿಯಂತೆ. ಈಗ ಅದಕ್ಕಿಂತ ಎತ್ತರದಲ್ಲಿ, 19,024 ಅಡಿಯ ಉಮ್ಲಿಂಗ್ ಲಾದಲ್ಲೂ ರಸ್ತೆ ಆಗಿದೆ. ಟೀ ಶರ್ಟ್ ನಾವೂ ತಂದಿದ್ದೇವೆ, ನಿನಗೆ ಎಂ ಸೈಜ್.

ಈಗ ಒಂದು ಕೆಲಸ ಉಂಟು. ನಮ್ಮ ಗೇಟಿನ ಎದುರಿನ ತಿರುವಿನಲ್ಲಿ ಬೈಕಿನವರು ಹಾರಿಕೊಂಡು ಹೋಗುತ್ತಾರಲ್ಲ, ಅಲ್ಲಿಗೆ ನಾವೇ ಒಂದು ಬೋರ್ಡ್ ಹಾಕುವುದು ಅಂತ ನಿನ್ನಪ್ಪ ಹಳದಿ ಪೇಂಟ್ ತಂದಿಟ್ಟಿದ್ದಾರೆ. ಏನು ಬರೆಯುವುದು ಅಂತ ತೀರ್ಮಾನ ಆಗಿಲ್ಲ. ‘ನಿಧಾನ ಹೋಗಿ, ಕೋಳಿ ಉಂಟು’ ಅಂತ ಬರೆಯಿರಿ ಅಂದರು ಅಜ್ಜಿ. ಹಾಗೆ ಬರೆದರೆ ಜನ ಗಾಡಿ ನಿಲ್ಲಿಸಿ ಕಿಲೋಗೆ ಎಷ್ಟು ಅಂತ ಕೇಳುತ್ತಾರೆ ಅನ್ನುವುದು ನಿನ್ನಪ್ಪನ ವಾದ. ಭಾನುವಾರದೊಳಗೆ ನೀನೊಂದು ಸಾಲು ಬರೆದು ಕಳಿಸು.

ನಿನ್ನ
ಅಮ್ಮ